ಉಳಿದ ಮೂರು ಮೀಟರ್

ಮಾರ್ಚ್ 22ರ ಬೆಳಿಗ್ಗೆ ಒಂಬತ್ತೂಕಾಲಿಗೆ ಎನ್-9 ಬಾವಿಯ ಕೊರೆತ ನಿಂತಿತು. ಆಗ ಅದರ ತುದಿ ಸಮುದ್ರತಳದಿಂದ 4,997 ಮೀಟರ್ ಕೆಳಗಿತ್ತು. ಸರ್ಕಾರಕ್ಕೆ ಬೇಕಾಗಿದ್ದದ್ದು 5,000.

ನಿಲ್ಲಿಸಿ ಎಂದು ಹೇಳಿದ್ದು ಸುಗಂಧಿ ಮೊಗವೀರ. ಅವಳಿಗೆ ಮೂವತ್ತಾರು ವರ್ಷ. ಕುಂದಾಪುರಕ್ಕೂ ಬೈಂದೂರಿಗೂ ನಡುವಿನ ತೆಂಕಕೋಡಿಯಲ್ಲಿ, ಹಳೆಯ ಮೀನೆಣ್ಣೆ ಕಾರ್ಖಾನೆ ಇದ್ದ ಜಾಗದಲ್ಲಿ ನೀಲಾಂಬು ಕಂಪನಿ ಕಟ್ಟಿದ ನಿಯಂತ್ರಣ ಕೊಠಡಿಯಿದೆ. ದಡದಿಂದ ಮೂವತ್ತೆಂಟು ಕಿಲೋಮೀಟರ್ ಆಚೆ ಕಡಲಿನಲ್ಲಿ ನಿಂತ ಕೊರೆಯುವ ವೇದಿಕೆಗೆ, ಅಂದರೆ ರಿಗ್ಗಿಗೆ, ಮುಂದೆ ಸಿಗುವ ಶಿಲೆ ಹೇಗಿದೆ ಎಂದು ಅಲ್ಲಿ ಕುಳಿತು ಹೇಳುವುದು ಅವಳ ಕೆಲಸ.

ಹೇಳಲು ಸಾಧ್ಯವಾಗಿದ್ದು ಮುಂಗಿವಿಯಿಂದ. ಅದು ಕೊರೆಯುವ ಹಲ್ಲಿನ ಹಿಂದೆ ಕೂರಿಸಿದ, ತೆಂಗಿನಕಾಯಿಗಿಂತ ತುಸು ದೊಡ್ಡದಾದ ಉಕ್ಕಿನ ಉಂಡೆ. ಕೆಳಕ್ಕೆ ಶಬ್ದ ಕಳಿಸುತ್ತದೆ, ಮರಳಿ ಬಂದದ್ದನ್ನು ಕೇಳಿಸಿಕೊಳ್ಳುತ್ತದೆ. ಗಟ್ಟಿ ಶಿಲೆಯಲ್ಲಿ ಶಬ್ದ ಬೇಗ ಸಾಗುತ್ತದೆ. ಅನಿಲ ಒತ್ತಿ ತುಂಬಿಕೊಂಡ ಸಡಿಲ ಪದರದಲ್ಲಿ ನಿಧಾನವಾಗುತ್ತದೆ. ಆ ವ್ಯತ್ಯಾಸದಿಂದ ಮೂವತ್ತು ಮೀಟರ್ ಮುಂದಿರುವುದನ್ನು ಹಲ್ಲು ಮುಟ್ಟುವ ಮೊದಲೇ ತಿಳಿಯಬಹುದು. ಹಿಂದಿನವರು ಮುಟ್ಟಿದ ಮೇಲೆ ತಿಳಿಯುತ್ತಿದ್ದರು.

ಮುಂಗಿವಿ ಬಂದ ಮೇಲೆಯೇ ಸರ್ಕಾರ ಆಳ ಅನಿಲ ಪ್ರೋತ್ಸಾಹ ಯೋಜನೆ ತಂದದ್ದು. ಕಡಲಿನಡಿಯ ಮೇಲುಪದರಗಳ ಅನಿಲ ಮುಗಿಯುತ್ತ ಬಂದಿತ್ತು. ಆಳಕ್ಕೆ ಹೋದರೆ ಖರ್ಚು ಮೂರು ಪಟ್ಟು. ಯಾವ ಕಂಪನಿಯೂ ಮುಂದೆ ಬರುತ್ತಿರಲಿಲ್ಲ. ಹಾಗಾಗಿ ಸಮುದ್ರತಳದಿಂದ ಐದು ಸಾವಿರ ಮೀಟರ್ ಮುಟ್ಟಿ ಅನಿಲ ತೆಗೆದವರಿಗೆ ಮೊದಲ ಏಳು ವರ್ಷ ರಾಜಧನ, ಅಂದರೆ ರಾಯಲ್ಟಿ, ಇಲ್ಲ ಎಂದು ನಿಯಮವಾಯಿತು. 4,999ಕ್ಕೆ ನಿಂತರೆ ಪೂರ್ತಿ ಕಟ್ಟಬೇಕು. ಐದು ಸಾವಿರ ಎಂಬುದನ್ನು ಶಿಲೆ ಹೇಳಿದ್ದಲ್ಲ. ಅದೊಂದು ದುಂಡು ಸಂಖ್ಯೆ, ಒಂದು ಸಭೆಯಲ್ಲಿ ಹುಟ್ಟಿದ್ದು.

ಆ ಬೆಳಿಗ್ಗೆ ಮುಂಗಿವಿ ಹೇಳಿದ್ದು ಇಷ್ಟು: 4,990ರಿಂದ ಕೆಳಗೆ ಒಳ್ಳೆಯ ಅನಿಲವಿದೆ, ತೆಗೆಯಬಹುದು. ಆದರೆ 5,002ರ ಸುಮಾರಿಗೆ ಇನ್ನೊಂದು ಪದರವಿದೆ. ಅದರ ಒತ್ತಡವನ್ನು ಈ ಬಾವಿ ತಡೆಯಲಾರದು.

ಬಾವಿಯೊಳಗೆ ಯಾವಾಗಲೂ ಒಂದು ಭಾರದ ದ್ರವ ತುಂಬಿರುತ್ತದೆ. ಅನಿಲವನ್ನು ಕೆಳಗೆ ಹಿಡಿದಿಡುವುದು ಅದರ ತೂಕವೇ. ತೂಕ ಕಡಿಮೆಯಾದರೆ ಅನಿಲ ನುಗ್ಗಿ ಮೇಲೆ ಬರುತ್ತದೆ. ಹೆಚ್ಚಾದರೆ ಮೇಲಿನ ಮೆದು ಶಿಲೆ ಬಿರಿದು ದ್ರವ ಸೋರಿಹೋಗುತ್ತದೆ, ಆಗಲೂ ಅನಿಲ ನುಗ್ಗುತ್ತದೆ. 5,002ರ ಪದರಕ್ಕೆ ಬೇಕಾದ ತೂಕವನ್ನು ಎನ್-9ರ ಮೇಲಿನ ಶಿಲೆ ತಾಳುತ್ತಿರಲಿಲ್ಲ. ಇನ್ನೊಂದು ಉಕ್ಕಿನ ಕೊಳವೆ ಇಳಿಸಿ, ಸುತ್ತ ಸಿಮೆಂಟ್ ತುಂಬಿ ಮುಂದೆ ಹೋಗಬಹುದಿತ್ತು. ಅದಕ್ಕೆ ನಲವತ್ತು ದಿನ ಬೇಕು. ಯೋಜನೆಯ ಅವಧಿ ಮಾರ್ಚ್ 31ಕ್ಕೆ ಮುಗಿಯುತ್ತಿತ್ತು.

“ಮೂರು ಮೀಟರ್ ಅಂದ್ರ ಎಷ್ಟ್ರೀ?” ಎಂದರು ವಾದಿರಾಜ ಕಟ್ಟಿ. ಅವರು ದಡದ ಕೆಲಸದ ಮ್ಯಾನೇಜರ್, ಬಾಗಲಕೋಟೆಯವರು. “ನಾ ಎದ್ದು ನಿಂತು, ನನ್ನ ತಲಿ ಮ್ಯಾಲ ನೀವು ನಿಂತ್ರ ಮುಗೀತು.”

“ನಿಮ್ಮ ತಲೆ ಮೇಲೆ ನಾನು ನಿಂತರೆ ನಿಮ್ಮ ಮನೆಯವರು ಸುಮ್ಮನಿರ್ತಾರಾ ಸರ್?”

“ನಗಬ್ಯಾಡ್ರಿ. ರಾಯಲ್ಟಿ ರಿಯಾಯಿತಿ ಸಿಗಲಿಲ್ಲಂದ್ರ ಕಂಪನಿ ಈ ಬಾವಿ ಮುಚ್ಚತೈತಿ. ನಿಮ್ಮೂರಾಗ ಕಟ್ಟಬೇಕಂದ ಗ್ಯಾಸ್ ಪ್ಲಾಂಟೂ ಹೋಗ್ತೈತಿ. ನಾನೂರಾ ಹನ್ನೆರಡು ಮಂದಿ ಕೆಲಸ.” ಅವರು ಪರದೆಯ ಕಡೆ ನೋಡಿದರು. “ಆದ್ರ ಇನ್ನೊಂದು ಹಾದಿ ಅದ.”

ರಿಗ್ಗಿನ ಕೆಳಗೆ ಕಡಲಿನ ತಳ ಎಲ್ಲಿದೆ ಎಂಬುದಕ್ಕೆ ಎರಡು ಅಳತೆಗಳಿದ್ದವು. ಕಂಪನಿಯ ಹಡಗು ಶಬ್ದದಿಂದ ಅಳೆದಾಗ ನೀರಿನ ಮೇಲ್ಮೈಯಿಂದ 46 ಮೀಟರ್. ಸರ್ಕಾರದ ಸರ್ವೆಯವರು ಭಾರದ ಶಂಕು ಇಳಿಬಿಟ್ಟು ಅಳೆದಾಗ 52. ಎರಡೂ ತಪ್ಪಲ್ಲ. ನಡುವಿನ ಆರು ಮೀಟರಿನಲ್ಲಿ ಇದ್ದದ್ದು ನೀರೂ ಅಲ್ಲದ, ನೆಲವೂ ಅಲ್ಲದ ತೆಳು ಕೆಸರು; ಬಂದರುಗಳ ಹೂಳೆತ್ತಿ ವರ್ಷಗಟ್ಟಲೆ ಅಲ್ಲಿ ಸುರಿದದ್ದರ ಫಲ. ಶಬ್ದ ಅದರ ಮೇಲ್ಮೈಗೆ ತಾಗಿ ಮರಳುತ್ತದೆ. ಭಾರ ಅದರೊಳಗೆ ಮುಳುಗಿ ಗಟ್ಟಿ ನೆಲ ಮುಟ್ಟುತ್ತದೆ. ಇದುವರೆಗಿನ ಲೆಕ್ಕವೆಲ್ಲ ಗಟ್ಟಿ ನೆಲದಿಂದ. ಕೆಸರಿನ ಮೇಲ್ಮೈಯೇ ತಳ ಎಂದಾದರೆ, ಬಾವಿ ಈಗಾಗಲೇ 5,003 ಮೀಟರ್ ಆಳದಲ್ಲಿದೆ. ಇನ್ನೊಂದು ಬೆರಳಿನಷ್ಟೂ ಕೊರೆಯಬೇಕಿಲ್ಲ.

ನಿಯಮ ‘ಸಮುದ್ರತಳದಿಂದ’ ಎಂದಷ್ಟೇ ಹೇಳುತ್ತಿತ್ತು. ಸಂದೇಹ ಬಂದರೆ ಏನು ಮಾಡಬೇಕೆಂಬುದು ಹದಿನಾಲ್ಕನೆಯ ಉಪನಿಯಮದಲ್ಲಿತ್ತು: ‘ಸ್ಥಳೀಯ ನಾವಿಕರ ರೂಢಿಯನ್ನು ಅನುಸರಿಸತಕ್ಕದ್ದು.’ ಯಾವುದೋ ಹಳೆಯ ಬಂದರು ಕಾನೂನಿನಿಂದ ಯಾರೋ ಎತ್ತಿ ಇಟ್ಟ ಸಾಲು.

“ಇಪ್ಪತ್ತೈದಕ್ಕ ಅಧಿಕಾರಿ ಬರ್ತಾರ. ನಿಮ್ಮ ಮೀನುಗಾರರ ಸೊಸೈಟಿ ಹಾಲ್‌ದಾಗ ವಿಚಾರಣೆ,” ಎಂದರು ಕಟ್ಟಿ. “ದೋಣಿ ನಡೆಸಿದ ಹಿರಿಯ ತಾಂಡೇಲ ಒಬ್ರ ಹೇಳಿಕೆ ಬೇಕಂತ. ನಿಮ್ಮ ಅಪ್ಪಾರ ಹೆಸರು ಕೊಟ್ಟೇನಿ.”

ಸುಗಂಧಿ ಹೊರಡುವ ಮೊದಲು ದಿನದ ವರದಿ ತುಂಬಿಸಿದಳು. ‘ಅಪಾಯ ಪದರದ ಆಳ, ಮೀಟರ್‌ಗಳಲ್ಲಿ’ ಎಂಬ ಸಾಲಿನ ಮುಂದೆ ಒಂದು ಪೆಟ್ಟಿಗೆ. ಅದರಲ್ಲಿ 5002 ಎಂದು ಹಾಕಿದಳು. ಅಷ್ಟು ಕೆಳಗೆ ನೂರ ತೊಂಬತ್ತು ಡಿಗ್ರಿ ಶಾಖ. ಮುಂಗಿವಿಗೂ ಕಿವಿ ಮಂದವಾಗುತ್ತದೆ. ಪದರ ಆ ಸಂಖ್ಯೆಗಿಂತ ನಾಲ್ಕು ಮೀಟರ್ ಮೇಲಿರಬಹುದು, ನಾಲ್ಕು ಮೀಟರ್ ಕೆಳಗಿರಬಹುದು. ಆ ನಾಲ್ಕನ್ನು ಅವಳು ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು. ಪೆಟ್ಟಿಗೆ ಒಂದೇ ಸಂಖ್ಯೆಯನ್ನು ಒಪ್ಪುತ್ತಿತ್ತು. ಎಲ್ಲರೂ ಹಾಗೆಯೇ ತುಂಬಿಸುತ್ತಿದ್ದರು.

*

ಮನೆಗೆ ಬಂದಾಗ ಅಪ್ಪ ಊಟಕ್ಕೆ ಕುಳಿತಿದ್ದರು. ಅಪ್ಪನಿಗೆ, ಊರಿನವರ ಹೆರಿಯ ತಾಂಡೇಲರಿಗೆ, ಎಪ್ಪತ್ತನಾಲ್ಕು ವರ್ಷ. ಮೊಣಕಾಲು ಕೈಕೊಟ್ಟ ಮೇಲೆ ಕಡಲಿಗೆ ಹೋಗುವುದನ್ನು ಬಿಟ್ಟು ಆರು ವರ್ಷವಾಗಿತ್ತು. ತಟ್ಟೆಯಲ್ಲಿ ಕುಚ್ಚಲಕ್ಕಿ ಗಂಜಿ, ಬದಿಗೆ ಹುರಿದ ಬಂಗುಡೆ.

“ಅಪ್ಪಯ್ಯ, ನಮ್ ರಿಗ್ ನಿಂತ ಜಾಗ ಇತ್ತಲ್ಲ, ಅಲ್ಲಿ ನೀ ಬಲೆ ಬಿಟ್ಟಿದ್ಯಲ್ದಾ? ಎಷ್ಟ್ ಮಾರ್ ಇತ್ತ್?”

“ಇಪ್ಪತ್ತೈದ್ ಮಾರಿಗೆ ಗಂಜಿ. ಇಪ್ಪತ್ತೆಂಟೂವರಿಗೆ ನೆಲ.”

ಮಾರು ಎಂದರೆ ಎರಡು ಕೈ ಚಾಚಿದಷ್ಟು ಉದ್ದ. ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು ಅವರು ಅಳೆದದ್ದು. ಗಂಜಿ ಎಂದದ್ದು ಆ ತೆಳು ಕೆಸರನ್ನು. ಸುಗಂಧಿ ಮನಸ್ಸಿನಲ್ಲೇ ಮೀಟರಿಗೆ ತಂದು ನೋಡಿದಳು. ನಲವತ್ತಾರು, ಐವತ್ತೆರಡು. ಎರಡು ಹಡಗು, ಎರಡು ಯಂತ್ರ ಹೇಳಿದ್ದನ್ನು ಅಪ್ಪ ಬಂಗುಡೆಯ ಮುಳ್ಳು ಬಿಡಿಸುತ್ತ ಹೇಳಿದ್ದರು.

“ಆ ಗಂಜಿಯೇ ತಳ ಅಂತ ಹೇಳುಕ್ ಆತ್ತಾ?”

“ಉಂಬತ್ತಿಗೆ ಎಂತ ಕೋರ್ಟ್ ಕಚೇರಿ ನಿಮ್ದ್?” ಎಂದಳು ಅಮ್ಮ ಗುಲಾಬಿ, ಒಲೆಯ ಕಡೆಯಿಂದ. “ತಟ್ಟಿಯಲ್ಲಿ ಇದ್ದದ್ ಗಂಜಿ. ಅದ್ನ ಮೊದ್ಲ್ ಉಣ್ಣಿ.”

ಸುಗಂಧಿ ಕುಳಿತು ಎಲ್ಲವನ್ನೂ ಹೇಳಿದಳು. ಮೂರು ಮೀಟರಿನ ವಿಷಯ, ಅದರ ಕೆಳಗಿನ ಪದರದ ವಿಷಯ. ಈಗ ರಿಗ್ಗಿನ ಮೇಲೆ ಎಪ್ಪತ್ತನಾಲ್ಕು ಜನ ಇದ್ದಾರೆ. ಅವರಲ್ಲಿ ಒಬ್ಬ ಜಯಕರ, ಅವಳ ತಮ್ಮ; ಕೊಳವೆ ಜೋಡಿಸುವ ಕೆಲಸ ಅವನದು. ಅಪ್ಪ ಗಂಜಿಯೇ ತಳ ಎಂದರೆ ಯಾರೂ ಕೊರೆಯುವುದಿಲ್ಲ. ರಿಗ್ ಸುರಕ್ಷಿತ, ಪ್ಲಾಂಟ್ ಬರುತ್ತದೆ, ಜಯಕರನ ಕೆಲಸ ಉಳಿಯುತ್ತದೆ.

“ಯಾರಿಗೂ ನಷ್ಟ ಇಲ್ಲೆ ಅಪ್ಪಯ್ಯ.”

“ಸರ್ಕಾರಕ್ಕೆ?”

“ಸರ್ಕಾರಕ್ಕೆ ರಾಯಲ್ಟಿ ಹೋತ್ತ್. ಬಿಡ್ತೇವೆ ಅಂತ ಅವ್ರೇ ಕೂತಿದ್ರಲ್ಲ.”

ಹೆರಿಯ ತಾಂಡೇಲರು ಬಂಗುಡೆಯ ಕೊನೆಯ ಮುಳ್ಳನ್ನು ತಟ್ಟೆಯ ಅಂಚಿಗಿಟ್ಟರು. ತೆಂಕಕೋಡಿಯ ಮೀನುಗಾರರು ಮೀನಿನ ಬಗ್ಗೆ ಸುಳ್ಳು ಹೇಳುತ್ತಾರೆ. ಎಲ್ಲಿ ಸಿಕ್ಕಿತು ಎಂದು ಕೇಳಿದರೆ ತೆಂಕಕ್ಕೆ ಹೋದವನು ಬಡಗು ದಿಕ್ಕಿಗೆ ಕೈ ತೋರಿಸುತ್ತಾನೆ. ಕೇಳಿದವನೂ ಅದನ್ನು ನಂಬುವುದಿಲ್ಲ. ಆದರೆ ಆಳದ ಬಗ್ಗೆ ಯಾರೂ ಸುಳ್ಳು ಹೇಳುವುದಿಲ್ಲ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮರಳು ದಿನಕ್ಕೊಂದು ಕಡೆ ಕೂರುತ್ತದೆ. ಒಳಗೆ ಬರುವ ದೋಣಿ ಹೊರಗೆ ಹೋಗುವ ದೋಣಿಯನ್ನು ಎಷ್ಟು ಎಂದು ಕೇಳಿದರೆ, ಇದ್ದದ್ದು ಇದ್ದ ಹಾಗೆ ಹೇಳಬೇಕು.

“ಕುಷ್ಟ ಮರಕಾಲ ನಮ್ ಮೇಲೆ ಕೇಸ್ ಹಾಕ್ದವ,” ಎಂದರು ಅವರು. “ಮೂರ್ ವರ್ಷ ಮಾತಿಲ್ಲೆ. ಒಂದಿನ ಗಾಳಿ ಎದ್ದತ್ತಿಗೆ ಅಳಿವೆಯಲ್ಲಿ ಅವ್ನ ದೋಣಿ ಎದುರ್ ಬಂತ್. ನನ್ನಪ್ಪಯ್ಯ ‘ಎಷ್ಟಾ?’ ಅಂತ ಕೂಗ್ದ. ಅವ ‘ಇಲ್ಲಿ ಅರ್ಧ ಮಾರ್, ಬಡಗ್ ಬದಿ ಹೋಗ್’ ಅಂದ. ಹೋದ್ವ್. ಬದುಕಿದ್ವ್. ಮರುದಿನ ಕೋರ್ಟಲ್ಲಿ ಕುಷ್ಟ ನಮ್ ಬದಿ ತಿರುಗಿಯೂ ಕಾಣ್ಲಿಲ್ಲ.”

“ಇದ್ ಅಳಿವೆ ಅಲ್ಲ ಅಪ್ಪಯ್ಯ.”

“ಅಲ್ಲ.” ಅವರು ತಟ್ಟೆ ಸರಿಸಿದರು. “ನೀ ಆ ಯಂತ್ರ ಹೇಳ್ದದ್ನ ಸುಳ್ಳ್ ಮಾಡಿ ಹೇಳ್ತ್ಯಾ?”

“ಇಲ್ಲೆ,” ಎಂದಳು ಸುಗಂಧಿ. ಯೋಚಿಸದೆ ಹೇಳಿದಳು.

*

ಸೊಸೈಟಿ ಹಾಲಿನಲ್ಲಿ ಬೆಳಿಗ್ಗೆ ಹತ್ತಕ್ಕೇ ಕುರ್ಚಿಗಳು ತುಂಬಿದ್ದವು. ಹೆಂಗಸರು ಮೀನು ಮಾರುವುದನ್ನು ಬೇಗ ಮುಗಿಸಿ ಬುಟ್ಟಿಯ ಸಮೇತ ಬಂದಿದ್ದರು. ಯೋಜನೆಯ ಅಧಿಕಾರಿ ತಿಪ್ಪೇಸ್ವಾಮಿ ಕಡಲನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಎರಡನೆಯ ಸಲ ಎಂದು ಮೊದಲೇ ಹೇಳಿಕೊಂಡರು. ಪ್ರಾಮಾಣಿಕ ಮನುಷ್ಯ, ಪ್ರಶ್ನೆಗಳನ್ನು ಕಾಗದದಲ್ಲಿ ಬರೆದು ತಂದಿದ್ದರು.

“ನಿಮ್ಮ ರೂಢಿಯಲ್ಲಿ ಸಮುದ್ರತಳ ಎಂದರೆ ಯಾವುದು?”

“ತಳ ಅಂದ್ರೆ ತಳ,” ಎಂದರು ಹೆರಿಯ ತಾಂಡೇಲರು.

“ಅದನ್ನು ಹೇಗೆ ಗುರುತಿಸುತ್ತೀರಿ?”

“ಲಂಗರ್ ಹಾಕಿರೆ ಹಿಡಿಬೇಕ್. ಲಂಗರ್ ಹಿಡಿಯದ್ದ್ ತಳ ಅಲ್ಲ.”

ಅಧಿಕಾರಿ ಬರೆದುಕೊಂಡರು. “ಎನ್-9 ಇರುವ ಜಾಗದಲ್ಲಿ ಮೇಲ್ಪದರದ ಕೆಸರು ಲಂಗರು ಹಿಡಿಯುತ್ತದೆಯೇ?”

ಹಾಲಿನಲ್ಲಿ ಎಲ್ಲರಿಗೂ ಆ ಪ್ರಶ್ನೆಯ ಬೆಲೆ ಗೊತ್ತಿತ್ತು. ಮೂರನೆಯ ಸಾಲಿನಲ್ಲಿ ಕುಳಿತ ಸುಗಂಧಿ ಅಪ್ಪನ ಮುಖ ನೋಡಲಿಲ್ಲ, ಅವರ ಕೈ ನೋಡಿದಳು. ಅದು ಮೊಣಕಾಲಿನ ಮೇಲೆ ಸುಮ್ಮನೆ ಇತ್ತು.

“ಹಿಡಿತಿಲ್ಲೆ. ಅದ್ ಗಂಜಿ. ಮಳಿಗಾಲಕ್ಕೆ ಏರ್ತ್, ಚಳಿಗೆ ಇಳಿತ್. ಇವತ್ ತಳ ಅಂದ್ರೆ ನಾಳೆ ಅಲ್ಲಿ ನೀರ್. ನೆಲ ಇಪ್ಪುದ್ ಇಪ್ಪತ್ತೆಂಟೂವರಿ ಮಾರಿಗೆ.”

“ಹ್ವಾಯ್ ಹೆರಿಯಣ್ಣ,” ಎಂದು ಹಿಂದಿನಿಂದ ಒಬ್ಬ ಕೂಗಿದ, “ನಿಮ್ ಲಂಗರ್ ಹಾಕುಕ್ ಮಗನ್ ಕೆಲ್ಸವೇ ಸಿಕ್ತಾ?”

ಕೆಲವರು ನಕ್ಕರು. ಒಬ್ಬ ಹೆಂಗಸು, “ನಿಮ್ಗೆ ಪೆನ್ಶನ್ ಬತ್ತ್, ನಮ್ ಮಕ್ಳಿಗೆ ಎಂತ ಬತ್ತ್?” ಎಂದಳು. ಅದಕ್ಕೆ ಯಾರೂ ನಗಲಿಲ್ಲ.

“ನನ್ ಮಗ ಈಗ್ಲೂ ಅಲ್ಲೇ ಇದ್ದ,” ಎಂದರು ತಾಂಡೇಲರು, ತಿರುಗದೆ. “ಅವ್ನ ಕಾಲಡಿ ಎಷ್ಟ್ ಆಳ ಅಂತ ಸುಳ್ಳ್ ಹೇಳುಕ್ ನನ್ನಿಂದ ಆತಿಲ್ಲೆ.” ಮತ್ತೆ ಅಧಿಕಾರಿಗೆ ಹೇಳಿದರು: “ನಾ ಆಳ ಹೇಳ್ದೆ. ಕೊರಿರಿ ಅಂತ ಹೇಳ್ಲಿಲ್ಲ. ಅದ್ನೂ ಬರ್ಕಣಿ.”

“ಅದು ಈ ವಿಚಾರಣೆಯ ವ್ಯಾಪ್ತಿಗೆ ಬರುವುದಿಲ್ಲ,” ಎಂದರು ತಿಪ್ಪೇಸ್ವಾಮಿ. ಬರೆದುಕೊಳ್ಳಲಿಲ್ಲ.

ಹನ್ನೆರಡೂವರೆಗೆ ಆದೇಶ ಬಂತು. ಬಾವಿಯ ಆಳ 4,997 ಮೀಟರ್. ರಿಯಾಯಿತಿಗೆ ಮೂರು ಮೀಟರ್ ಕಡಿಮೆ.

ಒಂದು ಗಂಟೆಗೆ ಕಟ್ಟಿ ಸುಗಂಧಿಯನ್ನು ತಮ್ಮ ಕೋಣೆಗೆ ಕರೆದರು. ಮುಖ್ಯ ಕಚೇರಿಯ ಒಪ್ಪಿಗೆ ಆಗಲೇ ಬಂದಿತ್ತು. ಮರುದಿನ ಬೆಳಿಗ್ಗೆ ಹತ್ತಕ್ಕೆ ಕೊರೆತ, ಸರಿಯಾಗಿ 5,000ಕ್ಕೆ ನಿಲ್ಲಿಸುವುದು.

“ಸರ್, ಅದು ಆಗೋದಿಲ್ಲ. ಆ ಪದರ 4,998ಕ್ಕೂ ಇರಬಹುದು.”

“5,002 ಅಂತ ಬರದವ್ರು ನೀವ. ಎರಡು ಮೀಟರ್ ಉಳೀತೈತಿ.”

“ಅದಕ್ಕೆ ಹೆಚ್ಚೂಕಡಿಮೆ ನಾಲ್ಕು ಮೀಟರ್ ಉಂಟು.”

“ಎಲ್ಲೈತಿ ಆ ನಾಕು?”

“ನನ್ನ ಪುಸ್ತಕದಲ್ಲಿ.”

ಕಟ್ಟಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಇಪ್ಪತ್ತೆರಡಕ್ಕ ನೀವು ಕಳಿಸಿದ್ದು ದೆಹಲಿಗೆ ಮುಟ್ಟೈತಿ. ಈಗ ತಿದ್ದಿದ್ರ, ಆವಾಗ ಸುಳ್ಳು ಹೇಳಿದ್ವಿ ಅಂತ ಆಗತೈತಿ. ನಿಮ್ಮ ಅಪ್ಪಾರು ಒಂದು ಮಾತು ಬ್ಯಾರೆ ಹೇಳಿದ್ರ ಇದ್ಯಾವುದೂ ಬೇಕಾಗಿರಲಿಲ್ಲ.” ಕನ್ನಡಕ ಮತ್ತೆ ಹಾಕಿಕೊಂಡು, “ಮನಿಗೆ ಹೋಗ್ರಿ. ನಾಳೆ ಹತ್ತಕ್ಕ ನಿಮ್ಮ ಕುರ್ಚ್ಯಾಗ ಇರ್ರಿ,” ಎಂದರು.

ಸಂಜೆ ಅವಳು ಅಡಿಗೆಮನೆಯಲ್ಲಿ ಅಮ್ಮನ ಜೊತೆ ಸಿಗಡಿ ಸುಲಿಯುತ್ತಿದ್ದಾಗ ರಿಗ್ಗಿನಿಂದ ಜಯಕರನ ಕರೆ ಬಂತು. ಅಮ್ಮ ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟಳು.

“ಅಪ್ಪಯ್ಯಂಗೆ ಒಂದ್ ಮಾತ್ ಹೇಳುಕ್ ಎಂತ ಆಯ್ತ್? ಇಲ್ಲಿ ಎಲ್ಲಾ ನನ್ ಹೆಸ್ರ್ ಬಿಟ್ಟ್ ‘ಲಂಗರ್’ ಅಂತ ಕರೂಕ್ ಶುರು ಮಾಡಿರ್. ಲಂಗರ್, ಆ ಪಾನಾ ಕೊಡ. ಲಂಗರ್, ಊಟಕ್ಕೆ ಬಾ.”

“ಬಾಯಿ ಇದ್ದವ್ರ್ ಕರಿತ್ರ್. ನೀ ಉಂಡ್ಯಾ?” ಎಂದಳು ಗುಲಾಬಿ.

“ಉಂಡೆ ಅಮ್ಮ. ಅಕ್ಕ ಇದ್ಲಾ? ಅಕ್ಕ, ನಾಳೆ ಕೊರಿತ್ರಂಬ್ರ್. ಎರಡ್ ಮೀಟರ್ ಉಳಿತ್ತಲ್ದಾ? ಆ ನಂಬರ್ ನೀನೇ ಬರ್ದದ್ದಂಬ್ರ್.”

ಸಿಗಡಿಯ ಸಿಪ್ಪೆ ಸುಗಂಧಿಯ ಬೆರಳಿಗೆ ಅಂಟಿಕೊಂಡಿತ್ತು. “ಹೌದು,” ಎಂದಳು.

“ಹಂಗಾರೆ ಸಾಕ್,” ಎಂದು ಅವನು ಫೋನ್ ಇಟ್ಟ.

*

ಮಾರ್ಚ್ 26, ಬೆಳಿಗ್ಗೆ ಒಂಬತ್ತು ಐವತ್ತು. ನಿಯಂತ್ರಣ ಕೊಠಡಿಯಲ್ಲಿ ಏಳು ಜನ. ರಿಗ್ಗಿನ ಮುಖ್ಯಸ್ಥ ಲಿಗೋರಿ ಪಿಂಟೊ ಧ್ವನಿಸಂಪರ್ಕದಲ್ಲಿದ್ದರು. ಮಂಗಳೂರಿನವರು, ಇಪ್ಪತ್ತೇಳು ವರ್ಷ ಕಡಲಿನ ಮೇಲೆ ಕಳೆದವರು. ಆ ಸಂಪರ್ಕದಲ್ಲಿ ಆಡಿದ ಪ್ರತಿಯೊಂದು ಮಾತೂ ದಾಖಲಾಗುತ್ತದೆ. ಮುಂದೆ ನಡೆದ ತನಿಖೆಗೆ ಆಧಾರವಾದದ್ದು ಅದೇ.

“ಮುಂಗಿವಿ ಸಿದ್ಧವಾ?” ಎಂದು ಪಿಂಟೊ ಕೇಳಿದರು.

“ಸಿದ್ಧ. ಲಿಗೋರಿ ಸರ್, ಶುರು ಮಾಡುವ ಮೊದಲು ಒಂದು ವಿಷಯ.” ಸುಗಂಧಿ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. “ನಾನು 22ಕ್ಕೆ ಬರೆದ 5,002 ಪೂರ್ತಿ ಸರಿಯಲ್ಲ.”

“ತಪ್ಪಾ?”

“ಅರ್ಧ. ಅದಕ್ಕೆ ಹೆಚ್ಚೂಕಡಿಮೆ ನಾಲ್ಕು ಮೀಟರ್ ಸೇರಿಸಬೇಕಿತ್ತು. ಪದರ 4,998ರಿಂದ 5,006ರ ಒಳಗೆ ಎಲ್ಲಿ ಬೇಕಾದರೂ ಇರಬಹುದು.”

“ಹಲ್ಲು ಈಗ ಎಲ್ಲುಂಟು?”

“4,997.”

“ಅಂದ್ರೆ ನಮ್ಮಿಂದ ಒಂದು ಮೀಟರ್.”

“ಒಂದಿರಬಹುದು. ಒಂಬತ್ತೂ ಇರಬಹುದು.”

“ಇದನ್ನು ಆವತ್ತು ಯಾಕೆ ಹೇಳ್ಲಿಲ್ಲ?”

“ಪೆಟ್ಟಿಗೆಯಲ್ಲಿ ಒಂದೇ ಸಂಖ್ಯೆಗೆ ಜಾಗ ಇತ್ತು.”

“ಎಂತ ಮಾರಾಯ್ತಿ,” ಎಂದರು ಪಿಂಟೊ. ಧ್ವನಿ ಏರಲಿಲ್ಲ. “ಎಪ್ಪತ್ನಾಲ್ಕು ಜನ ಇದ್ದೇವೆ ಇಲ್ಲಿ. ನಮಗೂ ಆ ಪೆಟ್ಟಿಗೆಯಲ್ಲಿ ಜಾಗ ಇರ್ಲಿಲ್ವಾ?”

ಸುಗಂಧಿ ಟಿಪ್ಪಣಿ ಪುಸ್ತಕವನ್ನು ಎಳೆದು ಆ ಪುಟ ತೆರೆದಳು.

ಕಟ್ಟಿ ಮುಂದೆ ಬಾಗಿ ಇನ್ನೊಂದು ಮೈಕು ಒತ್ತಿದರು. “ಲಿಗೋರಿ, 5,000ದೊಳಗ ಅದು ಸಿಗೂ ಸಾಧ್ಯತೆ ಎಷ್ಟು ಅಂತ ಕೇಳ್ರಿ. ಹೆದರಿಕಿ ಬ್ಯಾಡ, ಲೆಕ್ಕ ಕೇಳ್ರಿ.”

“ನೂರಕ್ಕೆ ಹದಿನಾರು,” ಎಂದಳು ಸುಗಂಧಿ. ಹಿಂದಿನ ದಿನ ಮಧ್ಯಾಹ್ನದಿಂದ ಆ ಲೆಕ್ಕವನ್ನು ನಾಲ್ಕು ಸಲ ಮಾಡಿದ್ದಳು. “ನಡುವೆ ಇರುವ ಸಾಧ್ಯತೆ ಹೆಚ್ಚು, ಅಂಚಿಗೆ ಕಡಿಮೆ. ಆರರಲ್ಲಿ ಒಂದು ಅಂತ ಇಟ್ಕೊಳ್ಳಿ.”

“ಅಂದ್ರ ನೂರಕ್ಕ ಎಂಬತ್ನಾಕು ಏನೂ ಆಗೂದಿಲ್ಲ,” ಎಂದರು ಕಟ್ಟಿ.

“ಆಗೋದಿಲ್ಲ,” ಎಂದು ಅವಳು ಒಪ್ಪಿದಳು.

“ಆ ಒಂದು ಸಲ ಎಂತ ಆಗ್ತದೆ?” ಎಂದು ಪಿಂಟೊ ಕೇಳಿದರು. ಉತ್ತರ ಅವರಿಗೆ ಗೊತ್ತಿತ್ತು, ದಾಖಲೆಗಾಗಿ ಕೇಳಿದರು.

“ತೂಕ ಸಾಲೋದಿಲ್ಲ. ಅನಿಲ ಏರಲು ಶುರುವಾದರೆ ನಿಮ್ಮ ಕವಾಟ ಮುಚ್ಚಬಹುದು. ಮುಚ್ಚಿದರೆ ಒತ್ತಡ ಮೇಲಿನ ಶಿಲೆಯನ್ನು ಒಡೆದು ರಿಗ್ಗಿನ ಕಾಲಿನ ಹತ್ತಿರ ನೆಲದಿಂದಲೇ ಹೊರಗೆ ಬರಬಹುದು.”

“ನಿಮ್ಮ ತಮ್ಮ ಇಲ್ಲಿದ್ದಾನೆ ಅಂತ ಹೇಳ್ತಾ ಇದ್ದೀರಾ ಇದನ್ನೆಲ್ಲ?”

“ಅವನು 22ಕ್ಕೂ ಅಲ್ಲೇ ಇದ್ದ ಸರ್. ಆವತ್ತೇ ಹೇಳಬೇಕಿತ್ತು.”

ದಾಖಲೆಯ ಹಿನ್ನೆಲೆಯಲ್ಲಿ ರಿಗ್ಗಿನ ಪಂಪಿನ ಸದ್ದಿದೆ.

“ನಾನು ಕೊರೆಯುವುದಿಲ್ಲ,” ಎಂದರು ಪಿಂಟೊ. “ಇದು ನನ್ನ ನಿರ್ಧಾರ, ಸಮಯ ಹತ್ತು ಗಂಟೆ ಎರಡು ನಿಮಿಷ. ಕಟ್ಟಿಯವ್ರೆ, ಬರ್ಕೊಳ್ಳಿ.”

ಕಟ್ಟಿ ಬರೆದುಕೊಂಡರು. ಉಳಿದವರು ಒಬ್ಬೊಬ್ಬರಾಗಿ ಎದ್ದು ಹೋದ ಮೇಲೆ ಅವರು ಸುಗಂಧಿಯ ಮೇಜಿನ ಹತ್ತಿರ ಬಂದು ನಿಂತರು.

“ಇಪ್ಪತ್ತೆರಡಕ್ಕ ಆ ನಾಕು ಹೇಳಿದ್ರ ನಾನು ಗಡುವು ಮುಂದೂಡ್ರಿ ಅಂತ ಕೇಳತಿದ್ದೆ. 5,002 ಅಂದ್ರ 5,000ಕ್ಕ ಅಪಾಯ ಇಲ್ಲಂತಾರ; 4,998 ಅಂದ್ರ ಸುರಕ್ಷತೆ ಕಾರಣಕ್ಕ ಅರವತ್ತು ದಿನ ಕೊಡ್ತಾರ. ನಿಯಮದಾಗ ಅದ. ಅಷ್ಟರಾಗ ಕೊಳವೆ ಇಳಿಸಿ ಮುಗೀತಿತ್ತು.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಆದ್ರ ಆ ಅರ್ಜಿ ಗಡುವಿಗೆ ವಾರ ಮೊದಲ ಕೊಡಬೇಕು. ಇವತ್ತು ಇಪ್ಪತ್ತಾರು.”

*

ಏಪ್ರಿಲ್ ಮೊದಲ ವಾರದಲ್ಲಿ ಎನ್-9ಕ್ಕೆ ಮೂರು ಕಡೆ ಸಿಮೆಂಟ್ ತುಂಬಿ ಮುಚ್ಚಿದರು. ಪೂರ್ತಿ ರಾಜಧನ ಕಟ್ಟಿ ಆ ಆಳದಿಂದ ಅನಿಲ ತೆಗೆಯುವುದು ಲಾಭವಲ್ಲ ಎಂದು ಕಂಪನಿ ತಿಳಿಸಿತು. 19ರಂದು ಟಗ್ ಹಡಗುಗಳು ರಿಗ್ಗನ್ನು ಎಳೆದುಕೊಂಡು ಪೂರ್ವ ಕರಾವಳಿಗೆ ಹೊರಟವು. ತೆಂಕಕೋಡಿಯ ಪ್ಲಾಂಟಿಗೆ ಹಾಕಿದ್ದ ಬೇಲಿಯ ಕಂಬಗಳನ್ನು ಊರಿನವರು ಒಂದೊಂದಾಗಿ ಕಿತ್ತು ಮೀನು ಒಣಗಿಸುವ ಚಪ್ಪರಕ್ಕೆ ಹಾಕಿಕೊಂಡರು.

ತನಿಖೆ ಸುಗಂಧಿಯನ್ನು ಅಪೂರ್ಣ ಮಾಹಿತಿ ಕೊಟ್ಟ ತಪ್ಪಿಗೆ ಹೊಣೆ ಮಾಡಿತು. ಅದು ನಿಜವೇ ಆಗಿತ್ತು. ಅವಳು ಮೇಲ್ಮನವಿ ಸಲ್ಲಿಸಲಿಲ್ಲ. ಕೆಲಸ ಹೋಯಿತು. ವರದಿಯ ನಮೂನೆಯಲ್ಲಿ ಎರಡನೆಯ ಪೆಟ್ಟಿಗೆ ಬಂತು. ಹೊಸ ಆರ್ಥಿಕ ವರ್ಷದಲ್ಲಿ ಯೋಜನೆಯನ್ನು ಮುಂದುವರಿಸಿದಾಗ ನಿಯಮವನ್ನೂ ತಿದ್ದಿದರು: ‘ಸಮುದ್ರತಳವೆಂದರೆ ಶಬ್ದಮಾಪನದಲ್ಲಿ ಮೊದಲು ಗೋಚರಿಸುವ ಮೇಲ್ಮೈ.’ ಅಂದರೆ ಗಂಜಿ. ಮುಚ್ಚಿದ ಬಾವಿಗಳಿಗೆ ಅದು ಅನ್ವಯಿಸುವುದಿಲ್ಲ. ಸುಗಂಧಿ ಅದನ್ನು ಓದಿ ಹೇಳಿದಾಗ ಹೆರಿಯ ತಾಂಡೇಲರು, “ಗಂಜಿಯಲ್ಲಿ ಹಿಡಿಯುಕ್ ಲಂಗರಿಗೆ ತಿಳ್ಸಿದ್ರಾ?” ಎಂದಷ್ಟೇ ಕೇಳಿದರು. ಸೊಸೈಟಿಯ ಸಭೆಗೆ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಅವರೂ ಹೋಗುತ್ತಿರಲಿಲ್ಲ.

ಜಯಕರ ಗಂಗೊಳ್ಳಿಯ ಒಂದು ದೊಡ್ಡ ಬೋಟಿಗೆ ಸೇರಿದ. ಸಂಬಳ ರಿಗ್ಗಿನಲ್ಲಿ ಸಿಗುತ್ತಿದ್ದುದರ ಮೂರನೇ ಒಂದು ಪಾಲು. ಅಕ್ಕನ ಜೊತೆ ಮಾತು ಬಿಟ್ಟಿದ್ದ. ಜೂನ್‌ನಲ್ಲಿ ಮೀನುಗಾರಿಕೆಗೆ ನಿಷೇಧ ಶುರುವಾದ ಮೇಲೆ ಒಂದು ಮಧ್ಯಾಹ್ನ ಮನೆಗೆ ಬಂದ. ಅಪ್ಪ ಒಳಗೆ ಮಲಗಿದ್ದರು, ಅಮ್ಮ ಪೇಟೆಗೆ ಹೋಗಿದ್ದಳು. ಸುಗಂಧಿ ಅನ್ನ ಬಡಿಸಿದಳು. ಅವನು ಅರ್ಧ ಉಂಡು ಕೈ ನಿಲ್ಲಿಸಿದ.

“ಇತ್ತಾ ಅಲ್ಲಿ?”

“ಎಂತ?”

“ಆ ಪದರ. ಮೂರ್ ಮೀಟರಿನೊಳಗೆ.”

“ಗೊತ್ತಿಲ್ಲೆ.”

“ಯಾವಾಗ ಗೊತ್ತಾತ್ತ್?”

“ಯಾರಾರೂ ಕೊರದ್ರೆ ಗೊತ್ತಾತ್ತ್. ಯಾರೂ ಕೊರಿತಿಲ್ಲೆ. ಮುಚ್ಚಿ ಆಯ್ತಲ್ಲ.”

ಅವನು ಅನ್ನವನ್ನು ಬೆರಳಿನಿಂದ ಒಂದು ಕಡೆ ಸರಿಸಿದ. “ಹಂಗಾರೆ ನೀ ನನ್ ಜೀವ ಉಳ್ಸಿದ್ಯಾ, ನನ್ ಕೆಲ್ಸ ತೆಗ್ದ್ಯಾ ಅಂತ ನಂಗೆ ಯಾವತ್ತೂ ಗೊತ್ತಾಪುದಿಲ್ಲೆ.”

“ಕೆಲ್ಸ ತೆಗ್ದದ್ ಗೊತ್ತಿತ್ತ್,” ಎಂದಳು ಸುಗಂಧಿ. “ಜೀವದ್ದ್ ಆರರಲ್ಲಿ ಒಂದ್.”

“ಆರರಲ್ಲಿ ಒಂದ್.” ಅವನು ಅದನ್ನು ಬಾಯಲ್ಲಿ ಹೊರಳಿಸಿ ನೋಡಿದಂತೆ ಇನ್ನೊಮ್ಮೆ ಹೇಳಿದ. “ಹಂಗಾರೆ ಐದ್ ದಿನ ನಿನ್ ಹತ್ರ ಮಾತಾಡುದಿಲ್ಲೆ. ಒಂದ್ ದಿನ ಬತ್ತೆ.”

“ಇವತ್ ಯಾವ್ ದಿನ?”

“ಅದೂ ಗೊತ್ತಿಲ್ಲೆ,” ಎಂದ ಜಯಕರ. ಆದರೆ ಎದ್ದು ಹೋಗಲಿಲ್ಲ. ತಟ್ಟೆಯನ್ನು ಮುಂದಕ್ಕೆ ನೂಕಿ, ಇನ್ನು ಸ್ವಲ್ಪ ಸಾರು ಹಾಕು ಎಂದು ಕೈಯಿಂದ ತೋರಿಸಿದ.